ಬೆಟ್ಟದಡಿಯ ಎಣ್ಣೆ, ನಮ್ಮ ಒಂದೇ ಒಂದು ಚಿತ್ರ

ಕಳೆದ ಸೆಮಿಸ್ಟರ್‌ನ ಫೈನಲ್ ಪ್ರಾಜೆಕ್ಟ್ ರಿವ್ಯೂ. ನಾವು ನಾಲ್ಕು ಜನ: ಮೂವರು ಸಿಎಸ್, ಒಬ್ಬಳು ಸಿವಿಲ್. ವಿಷಯ ಏನಪ್ಪಾ ಅಂದ್ರೆ, ಸೈಸ್ಮಿಕ್ ಚಿತ್ರಗಳಲ್ಲಿ ಫಾಲ್ಟ್‌ಗಳನ್ನು (ಅಂದ್ರೆ ಬಂಡೆ ಪದರ ಮುರಿದು ಜಾರಿರುವ ಜಾಗಗಳನ್ನು) ನ್ಯೂರಲ್ ನೆಟ್‌ವರ್ಕ್ ಕೈಲಿ ಗುರುತಿಸೋದು. ಟ್ರೇನಿಂಗ್‌ಗೆ ನಾರ್ತ್ ಸೀ ಸಮುದ್ರದ ಎಫ್-3 ಬ್ಲಾಕ್‌ನ ಡೇಟಾ ತಗೊಂಡಿದ್ವಿ. ನೆದರ್‌ಲ್ಯಾಂಡ್ಸ್‌ನವರು ಅದನ್ನ ಎಲ್ಲರಿಗೂ ಫ್ರೀಯಾಗಿ ಬಿಟ್ಟಿದ್ದಾರೆ. ಅದರಲ್ಲಿ ನಮ್ಮ ಮಾಡೆಲ್ ಚೆನ್ನಾಗೇ ಓಡ್ತು. ಸ್ವಲ್ಪ ಬಿಲ್ಡಪ್ ಇರಲಿ ಅಂತ ಕೊನೆಯ ಸ್ಲೈಡ್‌ನಲ್ಲಿ, ನೆಟ್‌ನಲ್ಲಿ ಸಿಕ್ಕ ಒಂದು ಬೆಟ್ಟಸಾಲಿನ ಸೈಸ್ಮಿಕ್ ಲೈನ್ ಮೇಲೂ ಅದನ್ನ ಓಡಿಸಿ ತೋರಿಸಿದ್ವಿ. ಕಪ್ಪು ಬಿಳಿ ಗೀಚುಗಳ ಮೇಲೆ ಕೆಂಪು ಗೆರೆಗಳು ಜಗಜಗ ಅಂತ ಬಂದಿದ್ದವು.

ಸಿವಿಲ್ ಡಿಪಾರ್ಟ್‌ಮೆಂಟಿನಿಂದ ಬಂದಿದ್ದ ಜಿಯಾಲಜಿ ಸರ್ ಕನ್ನಡಕ ಸರಿಮಾಡಿಕೊಂಡು ಒಂದೇ ಪ್ರಶ್ನೆ ಕೇಳಿದ್ರು: "ಚೆನ್ನಾಗಿದೆ ಕಣ್ರಪ್ಪಾ. ಇದೇ ಡೇಟಾಗೆ ಇದನ್ನ ಬಿಟ್ಟು ಇನ್ನೆಷ್ಟು ಚಿತ್ರ ಬರೆಯೋಕೆ ಸಾಧ್ಯ?"

ನಾವು ಅಕ್ಯುರಸಿ ಹೇಳಿದ್ವಿ. ಸರ್ ನಕ್ಕರು. "ಅದು ಸಮುದ್ರದ ಅಕ್ಯುರಸಿ. ನಾನು ಕೇಳಿದ್ದು ಬೆಟ್ಟದ್ದು."

ಮಾರ್ಕ್ಸ್ ಏನೋ ಬಂತು. ಆದ್ರೆ ಆ ಪ್ರಶ್ನೆ ಮಾತ್ರ ತಲೆಯಿಂದ ಹೋಗಲಿಲ್ಲ. ಆಮೇಲೆ ರಜೆಯಲ್ಲಿ ಕೂತು ಓದಿದ್ದು, ಅಸ್ಸಾಂನಲ್ಲಿ ಸೈಸ್ಮಿಕ್ ಕ್ರೂನಲ್ಲಿ ಕೆಲಸ ಮಾಡೋ ನಮ್ಮ ಹಾಸ್ಟೆಲ್ ಸೀನಿಯರ್ ಅಣ್ಣನ ಹತ್ರ ಫೋನಲ್ಲಿ ಕೇಳಿದ್ದು, ಎಲ್ಲ ಸೇರಿ ಈ ಲೇಖನ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಬೆಟ್ಟದಡಿ ಎಣ್ಣೆ ಹುಡುಕುವಾಗ ಒಂದೇ ಚಿತ್ರ ಬರೆದು "ಇದೇ ಸರಿ" ಅನ್ನುವ ಎಂಜಿನಿಯರ್, ಅರ್ಧ ಕೆಲಸವನ್ನೂ ಮಾಡಿಲ್ಲ. ಮತ್ತು ನಮ್ಮ ಕಾಲೇಜುಗಳು ನಮ್ಮನ್ನ ತಯಾರು ಮಾಡ್ತಿರೋದು ಆ ಒಂದೇ ಚಿತ್ರ ಬರೆಯೋಕೆ.

ಬೆಟ್ಟದಲ್ಲಿ ಎಣ್ಣೆ ಯಾಕಿರುತ್ತೆ?

ಜೆಸಿಬಿ ಮಣ್ಣು ತಳ್ಳೋದನ್ನ ಎಲ್ಲರೂ ನೋಡಿದ್ದೀವಿ. ಬಕೆಟ್ ಮುಂದೆ ಹೋದಂತೆ ಮಣ್ಣು ಅದರ ಮುಂದೆ ಗುಡ್ಡೆಯಾಗಿ, ಬೆಣೆಯ ಆಕಾರದಲ್ಲಿ ಏರುತ್ತೆ. ಎರಡು ಭೂಖಂಡಗಳು ಗುದ್ದಿಕೊಂಡಾಗಲೂ ಸುಮಾರಾಗಿ ಹಾಗೇ. ಮಟ್ಟಸವಾಗಿ ಮಲಗಿದ್ದ ಪದರಗಳು ಮುರಿದು, ಒಂದರ ಮೇಲೊಂದು ಹತ್ತಿ ಕೂರುತ್ತವೆ. ಮಂಗಳೂರು ಹೆಂಚಿನ ಮಾಡನ್ನ ಪಕ್ಕದಿಂದ ನೋಡಿದ ಹಾಗೆ. ಇದಕ್ಕೆ ಥ್ರಸ್ಟ್ ಬೆಲ್ಟ್ ಅಂತಾರೆ. 1983ರಲ್ಲಿ ಡೇವಿಸ್, ಸಪ್ಪೆ, ಡಾಲೆನ್ ಎಂಬ ಮೂವರು ಈ ಬೆಣೆಯ ಮೆಕ್ಯಾನಿಕ್ಸ್ ಬರೆದಾಗ ಅವರು ಕೊಟ್ಟ ಹೋಲಿಕೆಯೂ ಬುಲ್ಡೋಜರ್‌ದೇ.

ಹೀಗೆ ಪದರಗಳು ಮಡಚಿದಾಗ ಕಮಾನುಗಳಾಗ್ತವೆ. ಎಣ್ಣೆ, ಗ್ಯಾಸ್ ನೀರಿಗಿಂತ ಹಗುರ. ಮೇಲೇರಿ ಕಮಾನಿನ ಕೆಳಗೆ ಸಿಕ್ಕಿಹಾಕಿಕೊಳ್ತವೆ. ಮೇಲೆ ಬಂದು ಕೂತ ಬಂಡೆಯ ಭಾರಕ್ಕೆ ಕೆಳಗಿನ ಪದರ ಆಳಕ್ಕಿಳಿದು ಕಾಯುತ್ತೆ, ಅದರಲ್ಲಿನ ಜೈವಿಕ ವಸ್ತು ಎಣ್ಣೆಯಾಗುತ್ತೆ. ಮಡಚುವಾಗ ಬಂಡೆ ಬಿರುಕು ಬಿಡೋದರಿಂದ ಎಣ್ಣೆ ಹರಿಯೋಕೆ ದಾರಿಯೂ ಆಗುತ್ತೆ. ಅಂದ್ರೆ ಒಲೆ, ಪಾತ್ರೆ, ಮುಚ್ಚಳ ಮೂರನ್ನೂ ಒಂದೇ ಗುದ್ದಾಟ ಮಾಡಿಕೊಡುತ್ತೆ.

ಸುಮ್ಮನೆ ಥಿಯರಿ ಅಲ್ಲ ಇದು. ಮಧ್ಯಪ್ರಾಚ್ಯದ ಎಣ್ಣೆ ಯುಗ ಶುರುವಾಗಿದ್ದೇ ಇರಾನಿನ ಝಾಗ್ರೋಸ್ ಬೆಟ್ಟಸಾಲಿನ ಮಸ್ಜಿದ್ ಸುಲೇಮಾನ್‌ನಲ್ಲಿ, 1908ರ ಮೇ 26ರಂದು. ನಮ್ಮ ದೇಶದ ಮೊದಲ ವಾಣಿಜ್ಯ ಎಣ್ಣೆ ಸಿಕ್ಕಿದ್ದೂ ಮುಂಬೈ ಸಮುದ್ರದಲ್ಲಲ್ಲ, ಅಸ್ಸಾಂನ ದಿಗ್ಬೋಯ್‌ನಲ್ಲಿ, 1889ರಲ್ಲಿ. ಅದು ನಾಗಾ ಥ್ರಸ್ಟ್ ಹೊತ್ತು ತಂದ ಕಮಾನು. 1901ರಲ್ಲಿ ಅಲ್ಲಿ ಶುರುವಾದ ರಿಫೈನರಿ ಇವತ್ತಿಗೂ ಇದೆ. ಆ ಬೆಟ್ಟಗಳ ಅಂಚಿನಲ್ಲಿ ಥ್ರಸ್ಟ್‌ಗಳು ಎಷ್ಟು ಒತ್ತೊತ್ತಾಗಿ ಜೋಡಿಸಿಕೊಂಡಿವೆ ಅಂದ್ರೆ ಜಿಯಾಲಜಿಯವರು ಅದಕ್ಕೆ ಜರ್ಮನ್ ಪದವನ್ನೇ ಇಟ್ಟು 'ಬೆಲ್ಟ್ ಆಫ್ ಶುಪ್ಪೆನ್' ಅಂತಾರೆ. ಶುಪ್ಪೆನ್ ಅಂದ್ರೆ ಮೀನಿನ ಮೈಮೇಲಿನ ಪೊರೆಗಳು.

ಇಲ್ಲದ ಬೆಟ್ಟ ಕಾಣೋದು ಹೇಗೆ?

ಹಾಗಾದ್ರೆ ಕೊರೆದರಾಯ್ತಲ್ಲ? ಕೊರೆಯೋಕೆ ಮೊದಲು ಎಲ್ಲಿ ಅಂತ ಗೊತ್ತಾಗಬೇಕು. ಮೇಲಿಂದ ಸಣ್ಣ ಸ್ಫೋಟ ಮಾಡಿ ಅಥವಾ ನೆಲ ನಡುಗಿಸಿ, ಕೆಳಗಿನ ಪದರಗಳಿಂದ ವಾಪಸ್ ಬರೋ ಪ್ರತಿಧ್ವನಿಯನ್ನ ಜಿಯೋಫೋನ್‌ಗಳಲ್ಲಿ ಹಿಡಿಯೋದೇ ಸೈಸ್ಮಿಕ್. ನಮಗೆ ಸಿಗೋದು ಆಳ ಅಲ್ಲ, ಸಮಯ. ಇದೊಂದು ಮಾತು ನೆನಪಿಟ್ಟುಕೊಳ್ಳಿ, ಎಲ್ಲ ತಾಪತ್ರಯ ಇಲ್ಲಿಂದಲೇ.

ಒಂದು ಲೆಕ್ಕ ಮಾಡೋಣ, ಪಿಯುಸಿ ಮಟ್ಟದ್ದು. ಥ್ರಸ್ಟ್‌ನಿಂದಾಗಿ 2 ಕಿ.ಮೀ. ದಪ್ಪದ ಹಳೆಯ ಸುಣ್ಣಕಲ್ಲು ಒಂದು ಕಡೆ ಬಂದು ಕೂತಿದೆ; ಅದರಲ್ಲಿ ತರಂಗದ ವೇಗ ಸೆಕೆಂಡಿಗೆ 5 ಕಿ.ಮೀ. ಅಂತಿಟ್ಟುಕೊಳ್ಳಿ. ಪಕ್ಕದಲ್ಲಿ ಅಷ್ಟೇ ದಪ್ಪದ ಎಳೆಯ ಮರಳುಗಲ್ಲು, ವೇಗ 3 ಕಿ.ಮೀ. ಎರಡರ ಕೆಳಗೂ ಒಂದು ಪದರ, ಪೂರ್ತಿ ಮಟ್ಟಸ. ಸುಣ್ಣಕಲ್ಲಿನ ಮೂಲಕ ಹೋಗಿ ಬರೋಕೆ 0.8 ಸೆಕೆಂಡ್. ಮರಳುಗಲ್ಲಿನ ಮೂಲಕ 1.33 ಸೆಕೆಂಡ್. ಚಿತ್ರದಲ್ಲಿ ಏನು ಕಾಣುತ್ತೆ? ಸುಣ್ಣಕಲ್ಲಿನ ಕೆಳಗೆ ಆ ಮಟ್ಟಸ ಪದರ 0.53 ಸೆಕೆಂಡ್ ಮೇಲೆದ್ದಿರುತ್ತೆ. ಅದನ್ನ 3 ಕಿ.ಮೀ. ವೇಗದಲ್ಲಿ ಆಳಕ್ಕೆ ಬದಲಾಯಿಸಿದ್ರೆ 800 ಮೀಟರ್ ಎತ್ತರದ ಕಮಾನು! ಎಣ್ಣೆ ಕೂರೋಕೆ ಹೇಳಿ ಮಾಡಿಸಿದ ಜಾಗ. ಆದ್ರೆ ಅಲ್ಲಿ ಕಮಾನೇ ಇಲ್ಲ.

ಸರಿ, ಸರಿಯಾದ ವೇಗ ಹಾಕಿದ್ರೆ ಮುಗೀತಲ್ಲ ಅಂತೀರಾ? ಎಲ್ಲಿ ಯಾವ ವೇಗ ಅಂತ ತಿಳಿಯಬೇಕಾದ್ರೆ ಯಾವ ಬಂಡೆ ಎಲ್ಲಿದೆ ಅಂತ ಗೊತ್ತಿರಬೇಕು. ಯಾವ ಬಂಡೆ ಎಲ್ಲಿದೆ ಅಂತ ತಿಳಿಯೋಕೆ ತಾನೇ ನಾವು ಸೈಸ್ಮಿಕ್ ಮಾಡಿದ್ದು! ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ, ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ. ಡೆಪ್ತ್ ಮೈಗ್ರೇಶನ್ ಅನ್ನೋ ದೊಡ್ಡ ಹೆಸರಿನ ಪ್ರೋಸೆಸಿಂಗ್ ಎಷ್ಟೇ ಕಂಪ್ಯೂಟರ್ ನುಂಗಿದರೂ, ಒಳಗೆ ಹಾಕಿದ ವೇಗದ ಮಾಡೆಲ್‌ನಷ್ಟೇ ಒಳ್ಳೆಯದು. ಆ ಮಾಡೆಲ್ ಬರೆಯೋದು ಮನುಷ್ಯ.

ಅಣ್ಣ ಫೋನಲ್ಲಿ ಇನ್ನೊಂದು ವಿಷಯ ಹೇಳಿದ್ರು. "ನಿಮ್ಮ ಎಫ್-3 ಸಮುದ್ರದ್ದು ಕಣೋ. ಹಡಗು ನೇರ ಗೆರೆಯಲ್ಲಿ ಹೋಗುತ್ತೆ, ಕೆಳಗೆ ಒಂದೇ ಥರದ ನೀರು. ಇಲ್ಲಿ ಒಂದು ಜಿಯೋಫೋನ್ ಬಂಡೆ ಮೇಲೆ, ಪಕ್ಕದ್ದು ಸಡಿಲ ಮಣ್ಣಲ್ಲಿ, ಅದರ ಪಕ್ಕದ್ದು ಹಳ್ಳದಲ್ಲಿ. ಕೆಲವು ಕಡೆ ಕೇಬಲನ್ನೂ ಹೆಗಲ ಮೇಲೇ ಹೊರಬೇಕು." ಇದಕ್ಕೂ ಲೆಕ್ಕ ಹಾಕಿ ನೋಡಿದೆ. 10 ಮೀಟರ್ ಸಡಿಲ ಮಣ್ಣು, ವೇಗ ಸೆಕೆಂಡಿಗೆ 500 ಮೀಟರ್ ಅಂದ್ರೆ 20 ಮಿಲಿಸೆಕೆಂಡ್. ಅದೇ 10 ಮೀಟರ್ ಗಟ್ಟಿ ಬಂಡೆಯಾದರೆ, ವೇಗ 2,500 ಮೀಟರ್, 4 ಮಿಲಿಸೆಕೆಂಡ್. ವ್ಯತ್ಯಾಸ 16. 30 ಹರ್ಟ್ಸ್ ತರಂಗದ ಅರ್ಧ ಆವರ್ತವೂ ಹತ್ತಿರಹತ್ತಿರ ಅಷ್ಟೇ, 17. ಎರಡು ಜಿಯೋಫೋನ್‌ಗಳ ಸಿಗ್ನಲ್ ಕೂಡಿಸಿದರೆ ಒಂದರ ಏರು ಇನ್ನೊಂದರ ಇಳಿತದ ಮೇಲೆ ಕೂತು ಸೊನ್ನೆ! ಮೂರು ನಾಲ್ಕು ಕಿ.ಮೀ. ಆಳದ ಚಿತ್ರವನ್ನ ಕಾಲ ಕೆಳಗಿನ ಹತ್ತು ಮೀಟರ್ ಮಣ್ಣು ಅಳಿಸಿಹಾಕಬಲ್ಲದು.

412 ಜನ, ಒಂದು ಚಿತ್ರ

"ಆದ್ರೂ ಅನುಭವಸ್ಥರು ನೋಡಿದ ತಕ್ಷಣ ಹೇಳಿಬಿಡ್ತಾರೆ" ಅಂತ ನಾನೂ ಅಂದುಕೊಂಡಿದ್ದೆ. 2007ರಲ್ಲಿ ಕ್ಲೇರ್ ಬಾಂಡ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಅಧ್ಯಯನ ಓದಿದ ಮೇಲೆ ಆ ನಂಬಿಕೆ ಹೋಯ್ತು. ಕಂಪ್ಯೂಟರ್‌ನಲ್ಲಿ ತಯಾರಿಸಿದ ಒಂದು ಸೈಸ್ಮಿಕ್ ಚಿತ್ರವನ್ನ ಭೂವಿಜ್ಞಾನ ಬಲ್ಲ 412 ಜನರಿಗೆ ಕೊಟ್ಟು, ಇದೇನು ಅಂತ ಬರೀರಿ ಅಂದ್ರು. ತಾವೇ ತಯಾರಿಸಿದ್ದರಿಂದ ಸರಿಯುತ್ತರ ಅವರಿಗೆ ಗೊತ್ತಿತ್ತು. ಮೂಲ ರಚನೆ ಯಾವ ಬಗೆಯದು ಅಂತ ಸರಿಯಾಗಿ ಹೇಳಿದವರು ಶೇ. 21 ಮಾತ್ರ. ಹಲವರು ತಮಗೆ ಮೊದಲೇ ಪರಿಚಯವಿದ್ದ ರಚನೆಯನ್ನೇ ಅಲ್ಲಿ ಕಂಡಿದ್ದರು.

ಇದನ್ನ ಓದುವಾಗ ನನಗೆ ನಮ್ಮ ಮಾಡೆಲ್ ನೆನಪಾಯ್ತು. ಅದೂ ಮಾಡಿದ್ದು ಅದನ್ನೇ. ಸಮುದ್ರ ನೋಡಿ ಕಲಿತದ್ದು ಬೆಟ್ಟದಲ್ಲೂ ಸಮುದ್ರವನ್ನೇ ಕಂಡಿತು. ಆದ್ರೆ ಒಂದು ವ್ಯತ್ಯಾಸ ಇದೆ. ಮನುಷ್ಯನಿಗೆ ಅನುಮಾನ ಬಂದ್ರೆ ಪೆನ್ಸಿಲ್ ಗೆರೆ ತೆಳುವಾಗುತ್ತೆ, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಬೀಳುತ್ತೆ. ನಮ್ಮ ಮಾಡೆಲ್ ಎಲ್ಲ ಗೆರೆಯನ್ನೂ ಒಂದೇ ಕೆಂಪಿನಲ್ಲಿ ಎಳೆದಿತ್ತು.

ತಪ್ಪು ಚಿತ್ರದ ಬೆಲೆ

ಕೆನಡಾದ ಆಲ್ಬರ್ಟಾದಲ್ಲಿ, ರಾಕಿ ಪರ್ವತಗಳ ಬುಡದಲ್ಲಿ ಟರ್ನರ್ ವ್ಯಾಲಿ ಅಂತ ಒಂದು ಕಣಿವೆ. 1914ರಲ್ಲಿ ಅಲ್ಲಿ ಗ್ಯಾಸ್ ಸಿಕ್ತು. 1924ರಲ್ಲಿ ಇನ್ನೂ ಆಳದ ಸುಣ್ಣಕಲ್ಲಿನಿಂದ ಭಾರಿ ಗ್ಯಾಸ್ ಚಿಮ್ಮಿತು. ಆ ಗ್ಯಾಸಿನಿಂದ ನ್ಯಾಫ್ತಾ ತೆಗೆದುಕೊಂಡು, ಉಳಿದದ್ದನ್ನ ಕೊಳ್ಳೋರಿಲ್ಲ ಅಂತ ವರ್ಷಗಟ್ಟಲೆ ಸುಟ್ಟರು. ಆ ಜಾಗಕ್ಕೆ 'ಹೆಲ್ಸ್ ಹಾಫ್ ಏಕರ್', ನರಕದ ಅರ್ಧ ಎಕರೆ ಅಂತಲೇ ಹೆಸರು ಬಿತ್ತು. 1936ರಲ್ಲಿ ಅದೇ ಸುಣ್ಣಕಲ್ಲಿನ ಪಶ್ಚಿಮದ ಇಳಿಜಾರಿನಲ್ಲಿ ಇನ್ನೂ ಆಳಕ್ಕೆ ಕೊರೆದಾಗ ತಿಳಿದದ್ದು: ಅವರು ಇಷ್ಟು ದಿನ ಸುಡುತ್ತಿದ್ದುದು ಒಂದು ದೊಡ್ಡ ಎಣ್ಣೆ ನಿಕ್ಷೇಪದ ನೆತ್ತಿಯ ಮೇಲಿನ ಗ್ಯಾಸನ್ನ! ಎಣ್ಣೆಯನ್ನ ಮೇಲಕ್ಕೆ ತಳ್ಳಬೇಕಿದ್ದ ಒತ್ತಡ ಆ ಬೆಂಕಿಯಲ್ಲೇ ಹೊರಟುಹೋಗಿತ್ತು. ಕೆಳಗೆ ಇನ್ನೇನಿರಬಹುದು ಅಂತ ಇನ್ನೊಂದು ಚಿತ್ರ ಬರೆದು ಬೇಗ ಪರೀಕ್ಷಿಸಿದ್ದಿದ್ರೆ? ಇತಿಹಾಸಕ್ಕೆ ಈ ಪ್ರಶ್ನೆ ಕೇಳೋದು ಸುಲಭ, ಒಪ್ತೀನಿ. ಆದ್ರೆ ಆ ಪಾಠದ ಫೀಸ್ ಕಟ್ಟಿಯಾಗಿದೆ. ಕಲಿಯದಿದ್ರೆ ತಪ್ಪು ನಮ್ಮದು.

ಅದೇ ಆಲ್ಬರ್ಟಾ ಬೆಟ್ಟಗಳ ಬುಡದಲ್ಲಿ ಕೆಲಸ ಮಾಡಿದವರು ಮುಂದೆ ಒಂದು ಒಳ್ಳೆ ಶಿಸ್ತು ಕಲಿಸಿಕೊಟ್ಟರು. 1969ರಲ್ಲಿ ಡಾಲ್‌ಸ್ಟ್ರಾಮ್ ಎಂಬುವರು ಬರೆದ 'ಬ್ಯಾಲೆನ್ಸ್ಡ್ ಕ್ರಾಸ್ ಸೆಕ್ಷನ್' ಬಗೆಗಿನ ಲೇಖನ ಬಹಳ ಪ್ರಸಿದ್ಧ. ಐಡಿಯಾ ಎಷ್ಟು ಸರಳ ನೋಡಿ: ಜಮಖಾನೆಯನ್ನ ಗೋಡೆಗೆ ತಳ್ಳಿದ್ರೆ ಮಡಿಕೆ ಬೀಳುತ್ತೆ, ಆದ್ರೆ ಜಮಖಾನೆ ಉದ್ದ ಆಗಲ್ಲ. ನೀನು ಬರೆದ ಮಡಿಕೆಗಳನ್ನೆಲ್ಲ ಬಿಡಿಸಿ ಹಾಸಿದಾಗ ಒಂದು ಪದರ 40 ಕಿ.ಮೀ., ಅದರ ಕೆಳಗಿನದು 30 ಕಿ.ಮೀ. ಬಂದರೆ, ಆ ವ್ಯತ್ಯಾಸಕ್ಕೆ ಕಾರಣ ಹೇಳು. ಹೇಳೋಕಾಗದಿದ್ರೆ ನಿನ್ನ ಚಿತ್ರ ತಪ್ಪು. ಕಂಪ್ಯೂಟರ್ ಬೇಡ, ದಾರ ಮತ್ತು ಸ್ಕೇಲ್ ಸಾಕು. ಬ್ಯಾಲೆನ್ಸ್ ಆದ ಮಾತ್ರಕ್ಕೆ ಚಿತ್ರ ಸರಿ ಅಂತ ಅರ್ಥ ಅಲ್ಲ, ಆದ್ರೆ ಆಗದಿದ್ರೆ ಎಲ್ಲೋ ಎಡವಿದ್ದೀವಿ ಅಂತ ಗೊತ್ತಾಗುತ್ತೆ. ನಮ್ಮ ನ್ಯೂರಲ್ ನೆಟ್‌ವರ್ಕ್ ಎಳೆದ ಕೆಂಪು ಗೆರೆಗಳಿಗೆ ನಾವು ಈ ಟೆಸ್ಟ್ ಮಾಡಿರಲೇ ಇಲ್ಲ. ಹೀಗೊಂದು ಟೆಸ್ಟ್ ಇದೆ ಅಂತಲೂ ಗೊತ್ತಿರಲಿಲ್ಲ.

ಜ್ವಾಲಾಮುಖಿಯಿಂದ ಚಾಂಗ್‌ಪಾಂಗ್‌ವರೆಗೆ

ಹಿಮಾಚಲದ ಜ್ವಾಲಾಮುಖಿ ದೇವಸ್ಥಾನದಲ್ಲಿ ಬಂಡೆಯ ಸೀಳಿನಿಂದ ಬರೋ ಗ್ಯಾಸ್ ಉರಿಯೋದು ನಿಮಗೆ ಗೊತ್ತಿರಬಹುದು. 1956ರಲ್ಲಿ ಹುಟ್ಟಿದ ಓಎನ್‌ಜಿಸಿ 1957ರಲ್ಲಿ ತನ್ನ ಮೊದಲ ಬಾವಿ ಕೊರೆಯೋಕೆ ಆರಿಸಿಕೊಂಡಿದ್ದು ಆ ಪ್ರದೇಶವನ್ನೇ. ಕಣ್ಣೆದುರೇ ಬೆಂಕಿ ಉರೀತಿದ್ರೆ ಇನ್ನೇನು ಸಾಕ್ಷಿ ಬೇಕು? ಗ್ಯಾಸ್ ಇತ್ತು, ವ್ಯಾಪಾರಕ್ಕಾಗುವಷ್ಟು ಸಿಗಲಿಲ್ಲ. ಮರುವರ್ಷ, 1958ರಲ್ಲಿ, ಎಣ್ಣೆ ಸಿಕ್ಕಿದ್ದು ಗುಜರಾತಿನ ಖಂಭಾತ್‌ನ ಸಮತಟ್ಟು ನೆಲದಲ್ಲಿ. ಯೋಚನೆ ಮಾಡಿದ್ರೆ, ಮೇಲೆ ಸೋರ್ತಿದೆ ಅಂದ್ರೆ ಕೆಳಗೆ ಎಣ್ಣೆ ಗ್ಯಾಸ್ ಹುಟ್ಟಿದೆ ಅನ್ನೋದಕ್ಕೆ ಸಾಕ್ಷಿ; ಮುಚ್ಚಳ ಭದ್ರವಾಗಿದೆ ಅನ್ನೋದಕ್ಕೆ ಅಲ್ಲ. ಹಿಮಾಲಯದ ಇದೇ ತಪ್ಪಲಿನಲ್ಲಿ ಪಶ್ಚಿಮಕ್ಕೆ, ಪಾಕಿಸ್ತಾನದ ಪೋಟ್ವಾರ್‌ನಲ್ಲಿ, ನೂರು ವರ್ಷದ ಹಿಂದಿನಿಂದ ಎಣ್ಣೆ ತೆಗೆಯುತ್ತಿದ್ದಾರೆ. ಅಲ್ಲಿ ಪದರಗಳು ಜಾರಿದ್ದು ದಪ್ಪ ಉಪ್ಪಿನ ಮೇಲೆ, ಹಾಗಾಗಿ ಮಡಿಕೆಗಳ ಸ್ವಭಾವವೇ ಬೇರೆ. ಒಂದೇ ಪರ್ವತ, ಅಡಿಪಾಯ ಬೇರೆ, ಫಲಿತಾಂಶ ಬೇರೆ. ಅಲ್ಲಿನ ಚಿತ್ರವನ್ನ ಇಲ್ಲಿಗೆ ಕಾಪಿ ಹೊಡೆಯೋಕಾಗಲ್ಲ.

ಇಲ್ಲಿವರೆಗೆ ಹೇಳಿದ್ದು ಬಂಡೆಯ ಮಾತು. ಬಂಡೆಯ ಮೇಲೆ ಜನ ಇದ್ದಾರೆ. ನಾಗಾಲ್ಯಾಂಡಿನ ವೋಖಾ ಜಿಲ್ಲೆಯ ಚಾಂಗ್‌ಪಾಂಗ್‌ನಲ್ಲಿ ಥ್ರಸ್ಟ್ ಬೆಲ್ಟ್‌ನೊಳಗೇ ಎಣ್ಣೆ ಸಿಕ್ಕಿ, 1981ರಿಂದ ಉತ್ಪಾದನೆ ನಡೀತು. 1994ರಲ್ಲಿ ನಿಂತಿತು. ನಿಂತಿದ್ದು ಎಣ್ಣೆ ಮುಗಿದು ಅಲ್ಲ, ನೆಲ ಯಾರದು, ಲಾಭ ಯಾರಿಗೆ ಅನ್ನೋ ಪ್ರಶ್ನೆಗೆ ಉತ್ತರ ಸಿಗದೆ. ಬಿಟ್ಟುಹೋದ ಬಾವಿಗಳಿಂದ ಎಣ್ಣೆ ಸೋರಿ ಹೊಲ, ತೊರೆ ಸೇರ್ತಿದೆ ಅಂತ ಊರಿನವರು ದೂರಿದರು, ವಿಷಯ ಕೋರ್ಟ್ ಮೆಟ್ಟಿಲನ್ನೂ ಹತ್ತಿತು. ಸಂವಿಧಾನದ 371ಎ ವಿಧಿ, ನೆಲ ಮತ್ತು ಅದರ ಸಂಪತ್ತಿನ ಒಡೆತನದ ಬಗ್ಗೆ ಸಂಸತ್ತು ಮಾಡುವ ಕಾನೂನು ನಾಗಾಲ್ಯಾಂಡ್ ವಿಧಾನಸಭೆ ಒಪ್ಪದೆ ಅಲ್ಲಿ ಅನ್ವಯಿಸಲ್ಲ ಅನ್ನುತ್ತೆ. ನಾಲ್ಕು ವರ್ಷದ ಬಿಇಯಲ್ಲಿ ಈ ವಿಧಿಯ ಹೆಸರನ್ನ ನಾನು ಒಂದು ಸಲವೂ ಕೇಳಿರಲಿಲ್ಲ.

ಇದಕ್ಕೂ ಒಂದೇ ಚಿತ್ರಕ್ಕೂ ಏನು ಸಂಬಂಧ? ಇದೆ. ಊರಿನ ಹಿರಿಯರ ಮುಂದೆ ಒಂದೇ ಚಿತ್ರ ಇಟ್ಟು "ಇಲ್ಲಿ ಎಣ್ಣೆ ಇದೆ" ಅಂದ್ರೆ ಅವರು ಒಪ್ಪೋದು ಆ ಚಿತ್ರದ ಆಸೆಗೆ. ರಸ್ತೆ ಬರುತ್ತೆ, ಕೆಲಸ ಬರುತ್ತೆ ಅಂತ. ಬಾವಿ ಖಾಲಿ ಬಂದ ದಿನ ಕಂಪನಿ ಗಂಟುಮೂಟೆ ಕಟ್ಟಿಕೊಂಡು ಹೋಗಬಹುದು. ಕಡಿದ ಇಳಿಜಾರು, ಕಲಕಿದ ತೊರೆ ಅಲ್ಲೇ ಉಳಿಯುತ್ತೆ. ಅದರ ಬದಲು "ನಮ್ಮ ಹತ್ರ ಮೂರು ಚಿತ್ರ ಇದೆ, ಒಂದರಲ್ಲಿ ಎಣ್ಣೆ, ಎರಡರಲ್ಲಿ ಇಲ್ಲ, ಈ ಬಾವಿ ಕೊರೆದರೆ ಯಾವುದು ಅಂತ ಗೊತ್ತಾಗುತ್ತೆ" ಅಂದ್ರೆ? ಅವರು ಬೇಡ ಅನ್ನಬಹುದು. ಬೇಡ ಅನ್ನೋ ಹಕ್ಕಿಗೆ ಅರ್ಥ ಬರೋದೂ ಆವಾಗಲೇ.

ಎದುರು ಮಾತುಗಳು

ಈ ಲೇಖನದ ಡ್ರಾಫ್ಟ್ ಓದಿದ ರೂಮ್‌ಮೇಟ್ ಎರಡು ಆಕ್ಷೇಪ ಎತ್ತಿದ.

ಮೊದಲನೇದು: "ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕೂ ಹೆಚ್ಚು ಹೊರಗಿಂದ ಬರುತ್ತೆ. ನೀನು ನೋಡಿದ್ರೆ ಅನುಮಾನ, ಒಪ್ಪಿಗೆ ಅಂತ ಭಾಷಣ ಬಿಗೀತಿದ್ದೀಯ." ನಿಜ. ನಮ್ಮ ಕರಾವಳಿಯನ್ನೇ ನೋಡಿ. ಮಂಗಳೂರು ಮತ್ತು ಪಾದೂರಿನಲ್ಲಿ ಬಂಡೆ ಕೊರೆದು 40 ಲಕ್ಷ ಟನ್ ಕಚ್ಚಾ ತೈಲ ಇಡುವಷ್ಟು ಗುಹೆ ಮಾಡಿದ್ದೀವಿ. ಕರ್ನಾಟಕದ ಬಂಡೆಯಲ್ಲಿ ಎಣ್ಣೆ ಹುಟ್ಟಲ್ಲ, ಆಪತ್ಕಾಲಕ್ಕೆ ಕೊಂಡು ತಂದು ಬಚ್ಚಿಡ್ತೀವಿ. ಹಾಗಾಗಿ ಹುಡುಕಲೇಬೇಡಿ ಅಂತ ನಾನು ಹೇಳ್ತಿಲ್ಲ. ಹುಡುಕಿ, ಕೊರೀರಿ. ಆದ್ರೆ ಅವಸರ ಇದ್ದಷ್ಟೂ ಖಾಲಿ ಬಾವಿಗೆ ಸುರಿಯೋ ದುಡ್ಡು ಕಡಿಮೆ ಇರಬೇಕಲ್ವಾ? ಮೂರು ಚಿತ್ರ ಬರೆಯೋಕೆ ಒಬ್ಬ ಎಂಜಿನಿಯರ್‌ನ ಕೆಲವು ವಾರ ಬೇಕು. ತಪ್ಪು ಜಾಗದಲ್ಲಿ ಕೊರೆದರೆ ಬೆಟ್ಟದಲ್ಲಿ ತಿಂಗಳುಗಟ್ಟಲೆ ರಿಗ್ ನಿಂತಿರುತ್ತೆ.

ಎರಡನೇದು: "ಇನ್ನು ಇಪ್ಪತ್ತು ಮೂವತ್ತು ವರ್ಷಕ್ಕೆ ಎಣ್ಣೆ ಯಾರಿಗೆ ಬೇಕು ಮಗಾ? ಇದನ್ನೆಲ್ಲ ಯಾಕೆ ಕಲೀಬೇಕು?" ಇದಕ್ಕೆ ನನ್ನ ಉತ್ತರ ಸಿಲ್ಕ್ಯಾರಾ. 2023ರ ನವೆಂಬರ್ 12ರಂದು ಉತ್ತರಕಾಶಿಯ ಆ ಸುರಂಗ ಕುಸಿದು 41 ಕಾರ್ಮಿಕರು 17 ದಿನ ಒಳಗೆ ಸಿಕ್ಕಿಹಾಕಿಕೊಂಡ್ರು. ಆಗರ್ ಮೆಷಿನ್ ಮುರಿದ ಮೇಲೆ ಕೊನೆಯ ಮೀಟರ್‌ಗಳನ್ನ ಕೈಯಲ್ಲಿ ಅಗೆದವರು ರ‍್ಯಾಟ್ ಹೋಲ್ ಗಣಿ ಕಾರ್ಮಿಕರು. ಅದೂ ಅದೇ ಹಿಮಾಲಯ, ಒತ್ತಿ, ಮುರಿದು, ಹತ್ತಿ ಕೂತ ಬಂಡೆ. ಎಣ್ಣೆ ಬೇಡವಾದರೂ ಸುರಂಗ ಬೇಕು, ಜಲವಿದ್ಯುತ್ ಬೇಕು, ಭೂಶಾಖ ಬೇಕು. ಬೆಟ್ಟದೊಳಗೆ ಏನಿದೆ ಅನ್ನೋ ಪ್ರಶ್ನೆ ಪೆಟ್ರೋಲ್ ಬಂಕ್ ಮುಚ್ಚಿದ ಮೇಲೂ ಇರುತ್ತೆ.

ನಾವೇನು ಮಾಡಬಹುದು?

ಸಿಲಬಸ್ ಬದಲಾಗಲಿ ಅಂತ ಕಾಯ್ತಾ ಕೂತ್ರೆ ನಮ್ಮ ಬ್ಯಾಚ್ ಪಾಸಾಗಿ ಹೋಗಿರುತ್ತೆ. ಅದಕ್ಕೇ ನಮ್ಮ ಕೈಲಾಗೋ ಮೂರು ವಿಷಯ ಹೇಳ್ತೀನಿ.

ಒಂದು, ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ರಿಸಲ್ಟ್ಸ್ ಆದ ಮೇಲೆ ಒಂದು ಪುಟ: "ಇದೇ ಡೇಟಾಗೆ ಬೇರೆ ಯಾವ ಉತ್ತರ ಸಾಧ್ಯ? ನಮ್ಮ ಉತ್ತರ ತಪ್ಪು ಅಂತ ತೋರಿಸೋಕೆ ಏನು ಸಿಗಬೇಕು?" ಗೈಡ್ ಕೇಳದಿದ್ರೂ ಬರೀರಿ. ಪ್ರಾಜೆಕ್ಟ್ ಬೆಟ್ಟದ್ದೇ ಆಗಬೇಕಿಲ್ಲ, ಬ್ರಿಡ್ಜ್ ಆದ್ರೂ ಸರಿ, ಆ್ಯಪ್ ಆದ್ರೂ ಸರಿ.

ಎರಡು, ಸಿಎಸ್‌ನವರು ಸಿವಿಲ್‌ನವರ ಎಂಜಿನಿಯರಿಂಗ್ ಜಿಯಾಲಜಿ ಲ್ಯಾಬಿಗೆ ಒಂದು ಮಧ್ಯಾಹ್ನ ಹೋಗಿ. ನಮ್ಮ ಟೀಮಿನ ಸಿವಿಲ್ ಹುಡುಗಿ ಮೊದಲ ವಾರದಲ್ಲೇ "ಈ ಗೆರೆಗಳು ಯಾಕೋ ಜಿಯಾಲಜಿ ಥರ ಕಾಣ್ತಿಲ್ಲ" ಅಂದಿದ್ಲು. ನಾವು ಮೂವರು "ಲಾಸ್ ಕಮ್ಮಿ ಆಗ್ತಿದೆ ಬಿಡು" ಅಂತ ಸುಮ್ಮನಾಗಿಸಿದ್ವಿ. ಇದನ್ನ ಇಲ್ಲಿ ಬರೆಯೋದು ಅವಳಿಗೆ ಕೇಳಬೇಕಿದ್ದ ಸಾರಿ.

ಮೂರು, ಗೇಟ್ ಬರೆದು ಎಣ್ಣೆ ಕಂಪನಿ ಸೇರಬೇಕು ಅಂತ ಇರೋರು: ನಾಳೆ ನಿಮ್ಮ ಬಾಸ್ "ಒಂದು ಚಿತ್ರ ಕೊಡು, ಮೀಟಿಂಗ್ ಇದೆ" ಅಂದಾಗ ಮೂರು ಕೊಡಿ. ಬೈಸಿಕೊಳ್ಳಬಹುದು. ಬಾವಿ ಕೊರೆದಾದ ಮೇಲೆ ಬೈಸಿಕೊಳ್ಳೋದಕ್ಕಿಂತ ಅಗ್ಗ.

ಸರ್ ಪ್ರಶ್ನೆಗೆ ಉತ್ತರ ಹೇಳೋಕೆ ರಜೆ ಮುಗಿದ ಮೇಲೆ ಅವರ ಕ್ಯಾಬಿನ್‌ಗೆ ಹೋಗಿದ್ದೆ. ಅದೇ ಬೆಟ್ಟದ ಲೈನ್‌ಗೆ ಪೆನ್ಸಿಲ್‌ನಲ್ಲಿ ನಾನೇ ಮೂರು ಚಿತ್ರ ಬರೆದಿದ್ದೆ, ದಾರ ಹಿಡಿದು ಪದರದ ಉದ್ದವನ್ನೂ ಅಳೆದಿದ್ದೆ. ಎರಡು ಬ್ಯಾಲೆನ್ಸ್ ಆಗಿದ್ದವು, ಒಂದು ಆಗಿರಲಿಲ್ಲ. ಸರ್ ತುಂಬಾ ಹೊತ್ತು ನೋಡಿ, ನಾಲ್ಕನೇದನ್ನ ಅವರೇ ಬರೆದು ಕೈಗಿಟ್ಟರು. "ಇದನ್ನೂ ಅಳೆದು ತಗೊಂಡು ಬಾ" ಅಂದ್ರು. ಇನ್ನೂ ಅಳೀತಿದ್ದೀನಿ.